ಗಂಟೆ ಬಾರಿಸದ ವರ್ಷ

ಇತಿಹಾಸ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಹೊಯ್ಸಳರು, ವಿಜಯನಗರ, ಶಾಸನ, ಕೋಟೆ, ಯುದ್ಧ. ಕೆಲವೇ ವರ್ಷಗಳ ಹಿಂದೆ ನಮ್ಮ ಕಣ್ಣೆದುರೇ ನಡೆದು ಹೋದದ್ದನ್ನು ಇತಿಹಾಸ ಅಂತ ಕರೆಯೋಕೆ ಮನಸ್ಸು ಒಪ್ಪೋದಿಲ್ಲ. ಎಲ್ಲರಿಗೂ ಗೊತ್ತಿರೋದೇ ಅಲ್ವಾ, ಅದರಲ್ಲಿ ಬರೆಯೋದೇನು ಅಂತ ಬಿಟ್ಟುಬಿಡ್ತೀವಿ. ತಮಾಷೆ ನೋಡಿ, ಎಲ್ಲರಿಗೂ ಗೊತ್ತಿರೋದೇ ಎಲ್ಲಕ್ಕಿಂತ ಬೇಗ ಮರೆತು ಹೋಗೋದು.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಜನ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಭಯದ ನೆರಳಿನಲ್ಲಿ. ಬೆಂಗಳೂರಿನ ಹಳೆಯ ಪೇಟೆ, ಕೇರಿಗಳಲ್ಲಿ ಇವತ್ತಿಗೂ ಪ್ಲೇಗ್ ಮಾರಮ್ಮನ ಗುಡಿಗಳಿವೆ. ರೋಗದ ನೆನಪು ಗುಡಿಯಲ್ಲಿ ಉಳಿದಿದೆ, ಬಡಾವಣೆಯ ನಕ್ಷೆಯಲ್ಲಿ ಉಳಿದಿದೆ. ಆದರೆ ಆ ವರ್ಷ ನಮ್ಮ ಹಳ್ಳಿಗಳ ಕೂಲಿಮಠಗಳಲ್ಲಿ ಏನಾಯ್ತು? ಮರಳಿನ ಮೇಲೆ ಅಕ್ಷರ ತೀಡುತ್ತಿದ್ದ ಮಕ್ಕಳು ಎಲ್ಲಿಗೆ ಹೋದರು? ಅಯ್ಯನವರು ಹೊಟ್ಟೆಗೆ ಏನು ಮಾಡಿದರು? ಮತ್ತೆ ಬಾಗಿಲು ತೆರೆದಾಗ ಎಷ್ಟು ಮಕ್ಕಳು ವಾಪಸ್ ಬಂದರು? ನಮ್ಮ ಮನೆಗಳ ಹಿರಿಯರ ಬಾಯಲ್ಲಿ ಪ್ಲೇಗಿನ ಕಥೆಗಳು ಬೇಕಾದಷ್ಟು ಕೇಳಿದ್ದೀನಿ. ಶಾಲೆಯ ಕಥೆ ಒಂದನ್ನೂ ಕೇಳಿಲ್ಲ.

ಅದಕ್ಕೇ ಈ ಬರಹ. 2020ರ ಮಾರ್ಚ್‌ನಿಂದ 2021ರ ಅಕ್ಟೋಬರ್‌ವರೆಗೆ ಕರ್ನಾಟಕದ ಶಾಲೆಗಳಲ್ಲಿ ಏನು ನಡೆಯಿತು ಅನ್ನೋದನ್ನ ದಿನಾಂಕ ಸಮೇತ ಒಂದು ಕಡೆ ಬರೆದಿಡಬೇಕು ಅನ್ನಿಸ್ತು. ನನಗೆ ಇದರಲ್ಲಿ ಇಷ್ಟು ಆಸಕ್ತಿ ಯಾಕೆ ಅಂದ್ರೆ, ನನ್ನ ಅಕ್ಕ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಸರ್ಕಾರದ ಆದೇಶಗಳು ಪತ್ರಿಕೆಯಲ್ಲಿ ಬರುತ್ತಿದ್ದವು, ಅವು ಊರಿಗೆ ತಲುಪಿದ ಮೇಲೆ ಏನಾಗುತ್ತಿತ್ತು ಅನ್ನೋದು ಅಕ್ಕನ ಫೋನಿನಲ್ಲಿ ಬರುತ್ತಿತ್ತು. ಊರಿನ ಹೆಸರು ಬೇಡ ಅಂತ ಅವಳೇ ಹೇಳಿದ್ದಾಳೆ, ಹಾಗಾಗಿ ಬರೆಯೋದಿಲ್ಲ.

ಬಾಗಿಲು ಹಾಕಿದ್ದು

2020ರ ಮಾರ್ಚ್ 10ರಂದು ಕಲಬುರಗಿಯ ಒಬ್ಬ ವೃದ್ಧರು ತೀರಿಕೊಂಡರು. ಎರಡು ದಿನದ ನಂತರ ಅವರಿಗೆ ಕೊರೊನಾ ಇತ್ತು ಅಂತ ಖಚಿತವಾಯಿತು. ದೇಶದ ಮೊದಲ ಕೋವಿಡ್ ಸಾವು ಅದು. ಅಷ್ಟರಲ್ಲಿ ಬೆಂಗಳೂರಿನ ಚಿಕ್ಕ ತರಗತಿಗಳಿಗೆ ರಜೆ ಕೊಟ್ಟಾಗಿತ್ತು. ಮಾರ್ಚ್ ಮಧ್ಯದ ಹೊತ್ತಿಗೆ ರಾಜ್ಯದ ಎಲ್ಲ ಶಾಲೆಗಳೂ ಮುಚ್ಚಿದವು. ಒಂದು ವಾರದ ಮಾತು ಅಂದುಕೊಂಡಿದ್ದರು ಎಲ್ಲ. ಮಾರ್ಚ್ 25ರಿಂದ ದೇಶಕ್ಕೇ ಲಾಕ್‌ಡೌನ್ ಬಂತು. ಒಂದರಿಂದ ಒಂಬತ್ತರವರೆಗಿನ ಮಕ್ಕಳಲ್ಲಿ ಬಹುತೇಕರು ವಾರ್ಷಿಕ ಪರೀಕ್ಷೆ ಇಲ್ಲದೆಯೇ ಮುಂದಿನ ತರಗತಿಗೆ ಹೋದರು. ಮಕ್ಕಳಿಗಂತೂ ಹಬ್ಬ! ದೊಡ್ಡವರಿಗೆ ಮಾತ್ರ ನಿಧಾನಕ್ಕೆ ಅರ್ಥವಾಗುತ್ತಾ ಹೋಯ್ತು.

ಒಂದು ಶಾಲೆ ಮುಚ್ಚಿದರೆ ಏನೇನು ಮುಚ್ಚುತ್ತದೆ? ಪಾಠ ಒಂದೇ ಅಲ್ಲ. 2002ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಅಕ್ಷರ ದಾಸೋಹದ ಒಲೆ ಆರಿತು. 2013ರಿಂದ ಕೊಡುತ್ತಿದ್ದ ಕ್ಷೀರಭಾಗ್ಯದ ಹಾಲು ನಿಂತಿತು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಹಂಚುವ ಏರ್ಪಾಡಾಯಿತು. ಮೇಷ್ಟ್ರುಗಳೇ ತಕ್ಕಡಿ ಹಿಡಿದು ತೂಗಿ ಕೊಟ್ಟರು. ಆದರೆ ಅಕ್ಕ ಆಗ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ನೋಡೋ, ಶಾಲೇಲಿ ಬೇಯಿಸಿದ ಅನ್ನ ಆ ಮಗುವಿನ ತಟ್ಟೆಗೇ ಬೀಳುತ್ತೆ. ಚೀಲದಲ್ಲಿ ಕೊಟ್ಟ ಅಕ್ಕಿ ಮನೆಯ ಒಲೆಗೆ ಹೋಗುತ್ತೆ. ಮನೇಲಿ ಮೊದಲು ಬಡಿಸೋದು ದುಡಿದು ಬಂದವರಿಗೆ." ಕೂಲಿ ಇಲ್ಲದ ಆ ದಿನಗಳಲ್ಲಿ ಅದು ಯಾರ ತಪ್ಪೂ ಅಲ್ಲ.

ಎಂಟೂವರೆ ಲಕ್ಷ ಮಕ್ಕಳ ಪರೀಕ್ಷೆ

ಆ ವರ್ಷದ ಮೊದಲ ದೊಡ್ಡ ಪರೀಕ್ಷೆ ಅಕ್ಷರಶಃ ಪರೀಕ್ಷೆಯೇ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಮುಂದಕ್ಕೆ ಹೋಗಿತ್ತು. ಕೇರಳ ಮೇ ಕೊನೆಯಲ್ಲಿ ಉಳಿದಿದ್ದ ಪರೀಕ್ಷೆ ಮುಗಿಸಿತು. ಜೂನ್ 8ರಂದು ತೆಲಂಗಾಣ, ಮಾರನೇ ದಿನ ತಮಿಳುನಾಡು ಪರೀಕ್ಷೆಯನ್ನೇ ರದ್ದು ಮಾಡಿದವು. ಆಂಧ್ರವೂ ಕೈಬಿಟ್ಟಿತು. ಕರ್ನಾಟಕ ಮಾತ್ರ ಮಾಡಿಯೇ ಮಾಡ್ತೀವಿ ಅಂತ ನಿಂತಿತು. ಆಗ ಶಿಕ್ಷಣ ಸಚಿವರಾಗಿದ್ದವರು ಎಸ್. ಸುರೇಶ್ ಕುಮಾರ್. ವಿಷಯ ಕೋರ್ಟಿಗೆ ಹೋಯಿತು, ಕೋರ್ಟು ತಡೆಯಲಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ಜಗಳ ಆಗಿರಬಹುದು ಲೆಕ್ಕ ಹಾಕಿ! ನಮ್ಮ ಪರಿಚಯದವರಲ್ಲೇ "ಮಗುವಿನ ಜೀವಕ್ಕಿಂತ ಮಾರ್ಕ್ಸು ಹೆಚ್ಚಾ" ಅಂತ ಕೇಳಿದವರಿದ್ದರು. ನನಗೂ ಆಗ ಹಾಗೇ ಅನ್ನಿಸಿತ್ತು.

ಜೂನ್ 25ರಿಂದ ಜುಲೈ ಮೊದಲ ವಾರದವರೆಗೆ ಪರೀಕ್ಷೆ ನಡೆಯಿತು. ನೋಂದಾಯಿಸಿದ್ದವರು ಸುಮಾರು 8.48 ಲಕ್ಷ ಮಕ್ಕಳು. ಬೆಂಚಿಗೊಬ್ಬರು, ಬಾಗಿಲಲ್ಲಿ ಜ್ವರ ನೋಡುವ ಯಂತ್ರ, ಕೈಗೆ ಸ್ಯಾನಿಟೈಸರ್, ಕಂಟೈನ್‌ಮೆಂಟ್ ವಲಯದಿಂದ ಬಂದವರಿಗೆ ಬೇರೆ ಕೋಣೆ. ಸ್ಕೌಟ್ಸ್ ಮತ್ತು ಗೈಡ್ಸ್‌ನವರು ಮಾಸ್ಕ್ ಹೊಲಿದು ಕೊಟ್ಟರು. ವಸತಿ ಶಾಲೆಗಳಿಂದ ಊರಿಗೆ ಹೋಗಿದ್ದ ಮಕ್ಕಳಿಗೆ, ವಲಸೆ ಹೋಗಿ ವಾಪಸ್ ಬಂದವರ ಮಕ್ಕಳಿಗೆ, ಇದ್ದ ಕಡೆಯೇ ಬರೆಯುವ ಅವಕಾಶ ಸಿಕ್ಕಿತು. ಕಾಸರಗೋಡಿನ ಕಡೆಯಿಂದ ಗಡಿ ದಾಟಿ ಬರಬೇಕಿದ್ದ ಮಕ್ಕಳನ್ನು ದಕ್ಷಿಣ ಕನ್ನಡದ ಕೇಂದ್ರಗಳಿಗೆ ಕರೆತಂದರು. ಪರೀಕ್ಷೆಯ ಅವಧಿಯಲ್ಲಿ ಕೆಲವು ಮಕ್ಕಳಿಗೆ ಸೋಂಕು ತಗುಲಿದ್ದೂ ನಿಜ. ಆದರೆ ಎಲ್ಲರೂ ಹೆದರಿದ್ದಂಥ ಅನಾಹುತ ಆಗಲಿಲ್ಲ.

ಆಗಸ್ಟ್ 10ರಂದು ಫಲಿತಾಂಶ ಬಂತು. ನೂರಕ್ಕೆ 71.80 ಪಾಸು. ಹಿಂದಿನ ವರ್ಷ, ಅಂದರೆ ಎಲ್ಲ ಸರಿಯಾಗಿದ್ದ 2019ರಲ್ಲಿ, 73.70 ಇತ್ತು. ಮೂರು ತಿಂಗಳು ತಡವಾಗಿ, ಮಾಸ್ಕ್ ಹಾಕಿಕೊಂಡು, ಹೆದರಿಕೊಂಡು ಬರೆದ ಮಕ್ಕಳು ಹಿಂದಿನವರಿಗಿಂತ ಎರಡೇ ಅಂಕಿ ಹಿಂದಿದ್ದರು! ಆರು ಮಕ್ಕಳು 625ಕ್ಕೆ 625 ತೆಗೆದಿದ್ದರು. ಇದನ್ನ ನಾವು ಸರಿಯಾಗಿ ಹೊಗಳಲೇ ಇಲ್ಲ ಅಂತ ಈಗ ಅನ್ನಿಸುತ್ತೆ. ಆ ಹೊತ್ತಿಗೆ ನಾವೆಲ್ಲ ದಿನದ ಸೋಂಕಿತರ ಸಂಖ್ಯೆ ನೋಡೋದರಲ್ಲಿ ಮುಳುಗಿದ್ದೆವು.

ಪರದೆಯ ಪಾಠ

ಇತ್ತ ಚಿಕ್ಕ ಮಕ್ಕಳ ಕಥೆಯೇ ಬೇರೆ. ನಗರದ ಖಾಸಗಿ ಶಾಲೆಗಳು ಆನ್‌ಲೈನ್ ಕ್ಲಾಸು ಶುರು ಮಾಡಿದ್ದವು. ಜೂನ್‌ನಲ್ಲಿ ಸರ್ಕಾರ ಎಳೆಯ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡ ಅಂತ ನಿಷೇಧಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಪತ್ರಿಕೆಗಳಲ್ಲಿ, ಟಿವಿಯಲ್ಲಿ ಇದೇ ಚರ್ಚೆ. ಪರದೆ ನೋಡಿದರೆ ಕಣ್ಣು ಹಾಳಾಗುತ್ತಾ, ಎಷ್ಟು ಗಂಟೆ ನೋಡಬಹುದು, ಫೀಸು ಪೂರ್ತಿ ಕಟ್ಟಬೇಕಾ... ಅಕ್ಕನ ಶಾಲೆಯಲ್ಲಿ ಈ ಯಾವ ಪ್ರಶ್ನೆಯೂ ಇರಲಿಲ್ಲ. ಅಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಯಾರ ಮನೆಯಲ್ಲಿ ಫೋನಿದೆ?

ಜುಲೈ 20ರಿಂದ ದೂರದರ್ಶನ ಚಂದನದಲ್ಲಿ 'ಸಂವೇದ' ಅಂತ ಪಾಠಗಳು ಬರತೊಡಗಿದವು, ಎಂಟು, ಒಂಬತ್ತು, ಹತ್ತನೇ ತರಗತಿಗೆ. ಒಳ್ಳೆಯ ಕೆಲಸ. ನಮ್ಮ ತಲೆಮಾರಿನವರು ಭಾನುವಾರ ಬೆಳಗ್ಗೆ ಮಾತ್ರ ದೂರದರ್ಶನಕ್ಕೆ ಕಾಯುತ್ತಿದ್ದೆವು, ಈ ಮಕ್ಕಳು ಗಣಿತಕ್ಕೆ ಕಾದರು. ಆದರೆ ಟಿವಿ ಪ್ರಶ್ನೆ ಕೇಳೋದಿಲ್ಲ. ಹಿಂದಿನ ಬೆಂಚಿನವನು ತೂಕಡಿಸುತ್ತಿದ್ದಾನೆ ಅಂತ ಅದಕ್ಕೆ ಗೊತ್ತಾಗೋದಿಲ್ಲ. ಕರೆಂಟು ಹೋದರೆ ಪೈಥಾಗೊರಸ್ ಅರ್ಧಕ್ಕೇ ನಿಂತ.

ಮಲೆನಾಡಿನಲ್ಲಂತೂ ನೆಟ್‌ವರ್ಕ್‌ಗಾಗಿ ಮಕ್ಕಳು ಗುಡ್ಡ ಹತ್ತುತ್ತಿದ್ದರು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಒಂದು ಚಿತ್ರ ಎಲ್ಲ ಕಡೆ ಹರಿದಾಡಿದ್ದು ನಿಮಗೆ ನೆನಪಿರಬಹುದು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿರುವ ಮಗಳು, ಪಕ್ಕದಲ್ಲಿ ಕೊಡೆ ಹಿಡಿದು ನಿಂತ ಅಪ್ಪ. ನೋಡಿದವರೆಲ್ಲ ಅಪ್ಪನ ಪ್ರೀತಿ ಕಂಡು ಕಣ್ಣೊರೆಸಿಕೊಂಡರು. ನನಗೆ ಆ ಚಿತ್ರ ನೋಡಿದಾಗ ಪ್ರೀತಿಯ ಜೊತೆಗೆ ಸಿಟ್ಟೂ ಬಂತು. ಅಪ್ಪನಿಗೆ ಕೊಡೆ ಹಿಡಿಯಲು ಪುರುಸೊತ್ತಿಲ್ಲದ ಮಕ್ಕಳ ಚಿತ್ರ ಯಾರು ತೆಗೆದರು?

ವಠಾರ ಶಾಲೆ

ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. 2020ರ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆ 'ವಿದ್ಯಾಗಮ' ಶುರು ಮಾಡಿತು. ಹೆಸರೇ ಹೇಳುವ ಹಾಗೆ, ಮಕ್ಕಳು ಶಾಲೆಗೆ ಬರಲಾಗದಿದ್ದರೆ ವಿದ್ಯೆಯೇ ಮಕ್ಕಳ ಬಳಿ ಬರೋದು. ಮಕ್ಕಳನ್ನು ಮೂರು ಗುಂಪು ಮಾಡಿದರು. ಫೋನೇ ಇಲ್ಲದವರು, ಬರೀ ಮಾತಾಡುವ ಫೋನ್ ಇರುವವರು, ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಇರುವವರು. ಒಬ್ಬೊಬ್ಬ ಟೀಚರಿಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳ ಜವಾಬ್ದಾರಿ. ಗುಡಿಯ ಜಗಲಿ, ಸಮುದಾಯ ಭವನ, ಅರಳಿಕಟ್ಟೆ, ದೊಡ್ಡ ಮನೆಯ ಪಡಸಾಲೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಪಾಠ. ಇದಕ್ಕೆ ವಠಾರ ಶಾಲೆ ಅಂತ ಹೆಸರಾಯಿತು.

ಅಕ್ಕನ ಪಾಲಿಗೆ ಬಂದದ್ದು ಇಪ್ಪತ್ತಮೂರು ಮಕ್ಕಳು, ಮೂರು ಕಡೆ ಪಾಠ. ಮೊದಲ ದಿನ ಮಾರಮ್ಮನ ಗುಡಿಯ ಜಗಲಿ. ಮಕ್ಕಳೆಲ್ಲ ಬಂದರು, ಜಗಲಿ ಮೇಲೆ ಕೂತರು. ಮೂವರು ಮಾತ್ರ ಕೆಳಗೇ ನಿಂತಿದ್ದರು. ಅಕ್ಕ "ಬನ್ರೋ ಮೇಲೆ" ಅಂದಳು. ಅವರು ಬರಲಿಲ್ಲ. ಯಾರೂ ಏನೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವರು ಕೇರಿಯ ಮಕ್ಕಳು, ಅವರಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು.

ಅಕ್ಕ ಅವತ್ತು ಜಗಳ ಆಡಲಿಲ್ಲ. ಮಾರನೇ ದಿನದಿಂದ ಪಾಠ ಊರ ಹೊರಗಿನ ಹೊಂಗೆ ಮರದ ಕೆಳಗೆ ಅಂತ ಹೇಳಿದಳು. ಜಗಲಿಯಲ್ಲಿ ಗಾಳಿ ಆಡೋದಿಲ್ಲ, ರೋಗ ಹರಡುತ್ತೆ ಅಂತ ಕಾರಣ ಕೊಟ್ಟಳು. ಆ ವರ್ಷ ರೋಗದ ಹೆಸರು ಹೇಳಿದರೆ ಯಾರೂ ಎದುರು ಮಾತಾಡುತ್ತಿರಲಿಲ್ಲ! ಹೊಂಗೆ ಮರದ ಕೆಳಗೆ ಎಲ್ಲರಿಗೂ ಒಂದೇ ಮಣ್ಣು.

ಇದನ್ನ ಕೇಳಿದ ಮೇಲೆ ನನಗೆ ಶಾಲೆಯ ಕಟ್ಟಡದ ಬೆಲೆ ಗೊತ್ತಾಯಿತು. ಶಾಲೆ ಅಂದ್ರೆ ಕಟ್ಟಡ ಅಲ್ಲ, ಗುರು ಶಿಷ್ಯರ ಸಂಬಂಧ ಅಂತೆಲ್ಲ ನಾವು ಭಾಷಣದಲ್ಲಿ ಹೇಳ್ತೀವಲ್ಲ, ಅರ್ಧ ಸತ್ಯ ಅದು. ಎಷ್ಟೋ ಹಳ್ಳಿಗಳಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ನೆಲದ ಮೇಲೆ, ಒಂದೇ ಸಾಲಿನಲ್ಲಿ ಕೂತು ಊಟ ಮಾಡುವ ಜಾಗ ಸರ್ಕಾರಿ ಶಾಲೆ ಒಂದೇ. ಸೋರುವ ಹಂಚು, ಬಿರುಕು ಬಿಟ್ಟ ಗೋಡೆಯ ಆ ಕಟ್ಟಡ ಮುಚ್ಚಿದಾಗ ಪಾಠ ಹೇಗೋ ಹೊರಗೆ ಬಂತು, ಸಮಾನತೆ ಮಾತ್ರ ಒಳಗೇ ಉಳಿದುಬಿಟ್ಟಿತು. ಅದನ್ನ ಹೊರಗೆ ತರೋಕೆ ಒಬ್ಬ ಟೀಚರ್ ಉಪಾಯ ಹುಡುಕಬೇಕಾಯಿತು.

ಹೊಂಗೆ ಮರದ ಶಾಲೆಯಲ್ಲಿ ಒಳ್ಳೆಯ ಸಂಗತಿಗಳೂ ನಡೆದವು. ಕುರಿ ಕಾಯಲು ಹೋಗುತ್ತಿದ್ದ ಆರನೇ ತರಗತಿಯ ಹುಡುಗ ಕುರಿ ಹೊಡೆದುಕೊಂಡೇ ಬರುತ್ತಿದ್ದ. ಕುರಿಗಳು ಸುತ್ತ ಮೇಯುತ್ತಿದ್ದವು, ಅವನು ದಶಾಂಶ ಕಲಿಯುತ್ತಿದ್ದ. ಅಳತೆಯ ಪಾಠದ ದಿನ ಒಬ್ಬಳ ಅಜ್ಜಿ ಬಂದು ಕೂತು, ಸೇರು, ಬಳ್ಳ, ಕೊಳಗದ ಲೆಕ್ಕ ಹೇಳಿಕೊಟ್ಟರು. ಮಕ್ಕಳು ಅದನ್ನು ಕಿಲೋಗೆ ತಿರುಗಿಸಿದರು. ಅಜ್ಜಿಗೆ ನಂಬಿಕೆ ಬರಲಿಲ್ಲ, ಮನೆಯಿಂದ ರಾಗಿ ತಂದು ಸೊಸೈಟಿಯ ತಕ್ಕಡಿಯಲ್ಲಿ ತೂಗಿಸಿಯೇ ಬಿಟ್ಟರು! ಮಳೆ ಬಂದರೆ ಒಬ್ಬರ ಟ್ರ್ಯಾಕ್ಟರ್ ಶೆಡ್ಡು. ಅದರ ಯಜಮಾನರು ತಮ್ಮ ಮಕ್ಕಳನ್ನು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದವರು. ಆ ಮಕ್ಕಳೂ ಬಂದು ಕೂತರು, ಫೀಸಿಲ್ಲದೆ.

ಹಿಂದೆ ಶಾಲೆ ಊರಿನ ಒಂದು ಮೂಲೆಯಲ್ಲಿತ್ತು. ಒಳಗೆ ಏನು ನಡೆಯುತ್ತೆ ಅಂತ ಯಾರೂ ನೋಡಿರಲಿಲ್ಲ. ಈಗ ಊರಿನ ಮಧ್ಯೆ ಪಾಠ ನಡೀತಾ ಇದ್ದರೆ ಎಲ್ಲರೂ ನಿಂತು ನೋಡುವವರೇ. "ಟೀಚರ್ ಕೆಲಸ ಸುಲಭ ಅಂದ್ಕೊಂಡಿದ್ವಿ ಕಣಮ್ಮ" ಅಂತ ಎಸ್‌ಡಿಎಂಸಿ ಸದಸ್ಯರೊಬ್ಬರು ಅಂದರಂತೆ. ಅಕ್ಕ ಇದನ್ನ ಹೇಳುವಾಗ ಅವಳ ದನಿಯಲ್ಲಿ ಇದ್ದ ಖುಷಿ ಯಾವ ಪ್ರಶಸ್ತಿಗೂ ಬರೋದಿಲ್ಲ ಬಿಡಿ.

ಎರಡೇ ತಿಂಗಳು

ಆದರೆ ಅದು ಉಳಿದದ್ದು ಎರಡೇ ತಿಂಗಳು. ಅಕ್ಟೋಬರ್ ಹೊತ್ತಿಗೆ ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂತು. ಬೇರೆ ಬೇರೆ ಕಡೆ ಶಿಕ್ಷಕರು ತೀರಿಕೊಂಡ ಸುದ್ದಿಗಳೂ ಬಂದವು. ಒತ್ತಡ ಜೋರಾಯಿತು. ಅಕ್ಟೋಬರ್ ಎರಡನೇ ವಾರದಲ್ಲಿ ವಿದ್ಯಾಗಮ ನಿಲ್ಲಿಸಿ, ಮಧ್ಯಂತರ ರಜೆ ಘೋಷಿಸಿದರು.

ನಿಲ್ಲಿಸಿದ್ದು ಸರಿಯೋ ತಪ್ಪೋ? ಆಗ ಲಸಿಕೆ ಇರಲಿಲ್ಲ. ಟೀಚರುಗಳೂ ಮನುಷ್ಯರೇ, ಅವರ ಮನೆಯಲ್ಲೂ ವಯಸ್ಸಾದವರಿದ್ದರು. ಅಕ್ಕನ ಅತ್ತೆಗೆ ಸಕ್ಕರೆ ಕಾಯಿಲೆ, ದಿನಾ ಅವಳು ಮನೆಗೆ ಬಂದು ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಹೋಗುತ್ತಿದ್ದಳು. ಪಕ್ಕದ ಊರಿನ ಶಾಲೆಯ ಮೇಷ್ಟ್ರೊಬ್ಬರು ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ಹೋಗಿಯೇ ಬಿಟ್ಟರು. ಹಾಗಾಗಿ ಮನೆಯಲ್ಲಿ ಕೂತು ಬರೆಯುವ ನಾನು ಸುಲಭವಾಗಿ ತೀರ್ಪು ಕೊಡಲಾರೆ. ಆದರೆ ಒಂದನ್ನು ಹೇಳಬಹುದು. ಬಾರು, ಹೋಟೆಲು, ಮದುವೆ ಮಂಟಪ, ಚುನಾವಣೆ ಇವೆಲ್ಲ ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಶಾಲೆಗಿಂತ ಎಷ್ಟೋ ಮೊದಲು ತೆರೆದವು. ಆದ್ಯತೆ ಯಾವುದು ಅನ್ನೋದು ಆ ಕ್ರಮದಲ್ಲೇ ಇದೆ.

ನೂರು ವರ್ಷ ಹಿಂದಿನ ಒಂದು ಸಂಗತಿ ಇಲ್ಲಿ ನೆನಪಾಗುತ್ತೆ. 1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗ ಅಮೆರಿಕದ ಹೆಚ್ಚಿನ ನಗರಗಳು ಶಾಲೆ ಮುಚ್ಚಿದವು. ನ್ಯೂಯಾರ್ಕ್, ಶಿಕಾಗೋ ಮುಚ್ಚಲಿಲ್ಲ. ನ್ಯೂಯಾರ್ಕಿನ ಆರೋಗ್ಯ ಆಯುಕ್ತ ರಾಯಲ್ ಕೋಪ್ಲಂಡ್ ಅವರ ವಾದ ಸರಳವಾಗಿತ್ತು. ನಗರದ ಸುಮಾರು ಹತ್ತು ಲಕ್ಷ ಶಾಲಾ ಮಕ್ಕಳಲ್ಲಿ ಮುಕ್ಕಾಲು ಪಾಲು ಗಾಳಿ ಬೆಳಕಿಲ್ಲದ ಕಿಕ್ಕಿರಿದ ವಠಾರಗಳಲ್ಲಿ ಇರುವವರು. ಅವರಿಗೆ ಮನೆಗಿಂತ ಶಾಲೆಯೇ ಸ್ವಚ್ಛ, ಶಾಲೆಯೇ ಸುರಕ್ಷಿತ. ಶಾಲೆಗೆ ಬಂದರೆ ದಿನಾ ಒಬ್ಬರು ನೋಡುತ್ತಾರೆ, ಕೆಮ್ಮಿದರೆ ಗೊತ್ತಾಗುತ್ತೆ. ಇದಕ್ಕೆ ಬೆನ್ನೆಲುಬಾಗಿ ಇದ್ದದ್ದು ಡಾ. ಜೋಸೆಫಿನ್ ಬೇಕರ್ ಅನ್ನುವ ವೈದ್ಯೆ 1908ರಿಂದ ಕಟ್ಟಿ ಬೆಳೆಸಿದ್ದ ಮಕ್ಕಳ ಆರೋಗ್ಯ ವಿಭಾಗ, ಅದರ ಶಾಲಾ ವೈದ್ಯರು, ನರ್ಸುಗಳು.

ಅಂದರೆ ನ್ಯೂಯಾರ್ಕ್ ಶಾಲೆ ತೆರೆದಿಟ್ಟದ್ದು ಬರೀ ಧೈರ್ಯದಿಂದ ಅಲ್ಲ. ಹತ್ತು ವರ್ಷ ಮೊದಲೇ ಶಾಲೆಗೆ ನರ್ಸು ಕೊಟ್ಟಿದ್ದರು, ಅದಕ್ಕೇ ತೆರೆದಿಡಲು ಆಯಿತು. 1918ರ ಜ್ವರವೂ 2020ರ ಕೊರೊನಾವೂ ಒಂದೇ ಅಲ್ಲ, ಆ ಊರೂ ನಮ್ಮ ಊರೂ ಒಂದೇ ಅಲ್ಲ, ಒಪ್ಪಿದೆ. ಆದರೆ ಕಷ್ಟ ಬರುವ ಮೊದಲು ಶಾಲೆಗೆ ಏನು ಕೊಟ್ಟಿರುತ್ತೀವೋ ಕಷ್ಟದ ದಿನ ಅದೇ ಕೈಗೆ ಬರೋದು. ನಮ್ಮ ಶಾಲೆಗಳಿಗೆ ನಾವು ಏನು ಕೊಟ್ಟಿದ್ದೆವು? ನರ್ಸು ಇರಲಿ, ಎಷ್ಟೋ ಕಡೆ ಕೈ ತೊಳೆಯುವ ನಲ್ಲಿಗೇ ಪರದಾಟ.

ಮತ್ತೆ ತೆರೆದದ್ದು

2021ರ ಜನವರಿ 1ರಂದು ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ ಬಾಗಿಲು ತೆರೆಯಿತು. ಆರರಿಂದ ಒಂಬತ್ತರವರಿಗೆ ಶಾಲೆಯ ಆವರಣದಲ್ಲೇ ವಿದ್ಯಾಗಮ. ಫೆಬ್ರವರಿಯಲ್ಲಿ ಇನ್ನಷ್ಟು ತರಗತಿಗಳು ಸೇರಿಕೊಂಡವು. ಇನ್ನೇನು ಎಲ್ಲ ಸರಿಹೋಯ್ತು ಅನ್ನುವಷ್ಟರಲ್ಲಿ ಎರಡನೇ ಅಲೆ. ಏಪ್ರಿಲ್ 27ರಿಂದ ಮತ್ತೆ ರಾಜ್ಯವೇ ಬಂದ್. ಆ ಏಪ್ರಿಲ್, ಮೇ ತಿಂಗಳುಗಳ ಬಗ್ಗೆ ನಾನು ಹೆಚ್ಚು ಬರೆಯೋದಿಲ್ಲ. ಓದುವವರಲ್ಲಿ ಎಷ್ಟು ಜನ ಯಾರನ್ನು ಕಳೆದುಕೊಂಡಿದ್ದೀರೋ.

ಆ ವರ್ಷದ ಎಸ್ಸೆಸ್ಸೆಲ್ಸಿ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಮುಗಿಯಿತು. ಗೋಲ ತುಂಬುವ ಓಎಂಆರ್ ಹಾಳೆ. ಬರೆದವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಪಾಸು. ಒಂಬತ್ತರಿಂದ ಹನ್ನೆರಡನೇ ತರಗತಿ ಆಗಸ್ಟ್ 23ಕ್ಕೆ, ಆರರಿಂದ ಎಂಟು ಸೆಪ್ಟೆಂಬರ್ 6ಕ್ಕೆ ತೆರೆದವು. ಒಂದರಿಂದ ಐದನೇ ತರಗತಿಯ ಪುಟ್ಟ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಲೆಕ್ಕ ಹಾಕಿ, ಹತ್ತೊಂಬತ್ತು ತಿಂಗಳು! 2020ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಮೊದಲ ಬಾರಿ ತರಗತಿಯ ಒಳಗೆ ಕೂತದ್ದು ಎರಡನೇ ತರಗತಿಯಲ್ಲಿ.

ಎಲ್ಲರೂ ವಾಪಸ್ ಬರಲಿಲ್ಲ. ಅಕ್ಕನ ಶಾಲೆಯಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿಗೆ ಮನೆಯಲ್ಲಿ ಗಂಡು ನೋಡಿ ಆಗಿತ್ತು. ಹೆಡ್ಮೇಷ್ಟ್ರು, ಅಕ್ಕ, ಅಂಗನವಾಡಿ ಕಾರ್ಯಕರ್ತೆ, ಆ ಎಸ್‌ಡಿಎಂಸಿ ಸದಸ್ಯರು ಎಲ್ಲ ಸೇರಿ ಮೂರು ಸಲ ಹೋಗಿ ಮಾತಾಡಿದರು. 1098ಕ್ಕೆ ಫೋನ್ ಮಾಡಬೇಕಾಗುತ್ತೆ ಅಂತಲೂ ಹೇಳಿದರು. ಮದುವೆ ನಿಂತಿತು, ಹುಡುಗಿ ಬಂದಳು. ಕುರಿ ಹೊಡೆದುಕೊಂಡು ಬಂದು ದಶಾಂಶ ಕಲಿಯುತ್ತಿದ್ದ ಹುಡುಗ ಮಾತ್ರ ಬರಲಿಲ್ಲ. ಅವನ ಮನೆಯವರು ಬೆಂಗಳೂರಿನ ಕಡೆ ಯಾವುದೋ ಕಟ್ಟಡದ ಕೆಲಸಕ್ಕೆ ಹೋದರಂತೆ. ಕೊಟ್ಟ ನಂಬರ್ ಸ್ವಿಚ್ ಆಫ್.

ಲೆಕ್ಕದ ಪುಸ್ತಕ

ಕಳೆದದ್ದೆಷ್ಟು? 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿ ನೋಡಿತು. ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯ ಕಳೆದುಕೊಂಡಿದ್ದರು, ಗಣಿತದಲ್ಲಿ 82 ಮಕ್ಕಳು. ಗಮನಿಸಿ, ಹೊಸದು ಕಲಿಯದೇ ಇದ್ದದ್ದಲ್ಲ, ಬರುತ್ತಿದ್ದದ್ದೇ ಮರೆತು ಹೋದದ್ದು. ಅದೇ ವರ್ಷ ಮಾರ್ಚ್‌ನಲ್ಲಿ ಗ್ರಾಮೀಣ ಕರ್ನಾಟಕದಲ್ಲಿ 'ಅಸರ್' ಸಮೀಕ್ಷೆ ನಡೆಯಿತು. ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿ ಮಕ್ಕಳು 2018ರಲ್ಲಿ ನೂರಕ್ಕೆ 19.2 ಇದ್ದದ್ದು 9.8ಕ್ಕೆ ಇಳಿದಿತ್ತು. ಅರ್ಧಕ್ಕರ್ಧ.

ಗಳಿಸಿದ್ದು ಏನಾದರೂ ಇದೆಯಾ? ಇದೆ. ದೇಶದ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಗೆ ಹೋಗುವ ಮಕ್ಕಳ ಪಾಲು 2018ರಲ್ಲಿ ನೂರಕ್ಕೆ 64.3 ಇದ್ದದ್ದು 2021ಕ್ಕೆ 70.3 ಆಯಿತು. ಫೀಸು ಕಟ್ಟಲಾಗದೆ ಬಂದವರೇ ಹೆಚ್ಚು ಅನ್ನಿ, ಆದರೆ ಬಂದವರು ಶಾಲೆಯನ್ನು ಹತ್ತಿರದಿಂದ ನೋಡಿದರು. 2024ರ ಹೊತ್ತಿಗೆ ಈ ಪಾಲು 66.8ಕ್ಕೆ ಇಳಿದಿತ್ತು. ಬಂದವರನ್ನು ಉಳಿಸಿಕೊಳ್ಳಲು ನಾವು ಸೋತೆವು. ಅಕ್ಕನ ಊರಲ್ಲಿ ಟ್ರ್ಯಾಕ್ಟರ್ ಶೆಡ್ಡಿನವರ ಚಿಕ್ಕ ಮಗಳು ಮಾತ್ರ ಅದೇ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದಳು.

ಕರ್ನಾಟಕ 2022-23ನ್ನು ಕಲಿಕಾ ಚೇತರಿಕೆಯ ವರ್ಷ ಅಂತ ನಡೆಸಿತು. ತರಗತಿಯ ಪಾಠಕ್ಕೆ ನೇರ ಹೋಗದೆ, ಬಿಟ್ಟುಹೋದದ್ದನ್ನು ಹಿಂದಿನಿಂದ ತುಂಬಿಸಿಕೊಂಡು ಬರುವ ಕ್ರಮ. ಅಕ್ಕ ಐದನೇ ತರಗತಿಯವರಿಗೆ ಕಾಗುಣಿತದಿಂದ ಶುರು ಮಾಡಿದಳು. ದೇಶದ ಮಟ್ಟದಲ್ಲಿ ನೋಡಿದರೆ, ಹಳ್ಳಿಗಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿ ಮಕ್ಕಳು 2018ರಲ್ಲಿ ನೂರಕ್ಕೆ 27.3, 2022ರಲ್ಲಿ 20.5, 2024ರಲ್ಲಿ 27.1. ಬಿದ್ದ ಹಳ್ಳದಿಂದ ಮೇಲೆ ಬಂದು ಹಳೆಯ ಜಾಗಕ್ಕೆ ನಿಂತಿದ್ದೀವಿ. ಹಳೆಯ ಜಾಗವೂ ಹೆಮ್ಮೆ ಪಡುವಂಥದ್ದೇನಲ್ಲ, ನಾಲ್ಕರಲ್ಲಿ ಮೂರು ಮಕ್ಕಳು ಓದಲಾರರು ಅಂತಲೇ ಅದರ ಅರ್ಥ. ಆದರೂ ಎರಡು ವರ್ಷದಲ್ಲಿ ಅಷ್ಟು ಮೇಲೆ ಬಂದದ್ದು ಯಾವ ಆ್ಯಪ್‌ನಿಂದಲೂ ಅಲ್ಲ ಅಂತ ನನ್ನ ನಂಬಿಕೆ. ಎಲ್ಲೆಲ್ಲೋ ಹಳ್ಳಿಗಳಲ್ಲಿ ಕಾಗುಣಿತದಿಂದ ಮತ್ತೆ ಶುರು ಮಾಡಿದ ಸಾವಿರಾರು ಟೀಚರುಗಳಿಂದ.

ಗೆಳೆಯರೇ, ಈ ಬರಹದಲ್ಲಿ ಒಂದು ಊರಿನ ಕಥೆಯಷ್ಟೇ ಇದೆ. ನಿಮ್ಮಲ್ಲಿ ಎಷ್ಟೋ ಜನ ಮೇಷ್ಟ್ರುಗಳಿದ್ದೀರಿ, ಮೇಷ್ಟ್ರ ಮಕ್ಕಳಿದ್ದೀರಿ, ಆ ವರ್ಷ ಹತ್ತನೇ ತರಗತಿ ಬರೆದವರೂ ಈಗ ಬರೆಯುವಷ್ಟು ದೊಡ್ಡವರಾಗಿದ್ದೀರಿ. ನಿಮ್ಮ ಊರಿನ ಶಾಲೆಯಲ್ಲಿ ಆ ಹತ್ತೊಂಬತ್ತು ತಿಂಗಳು ಏನಾಯ್ತು ಅಂತ ಬರೆಯಿರಿ. ಪಾಠ ಎಲ್ಲಿ ನಡೀತು, ಯಾರು ಜಾಗ ಕೊಟ್ಟರು, ಯಾರು ಕೆಳಗೆ ನಿಂತರು, ಯಾರು ವಾಪಸ್ ಬರಲಿಲ್ಲ. ದೊಡ್ಡ ಮಾತು ಬೇಡ, ತಾರೀಖು ಮತ್ತು ಜಾಗ ಸಾಕು. ಸಾಧ್ಯವಾದರೆ ನಿಮ್ಮೂರ ಹೆಡ್ಮೇಷ್ಟ್ರನ್ನು ಕಂಡು, 2020-21ರ ಹಾಜರಿ ಪುಸ್ತಕವನ್ನು ರದ್ದಿಗೆ ಹಾಕಬೇಡಿ ಅಂತ ಒಂದು ಮಾತು ಹೇಳಿ. ನೂರು ವರ್ಷ ಆದ ಮೇಲೆ ಯಾರಾದರೂ ಹುಡುಕಿಕೊಂಡು ಬಂದರೆ, ಕೊರೊನಮ್ಮನ ಗುಡಿಯೊಂದೇ ಸಿಗುವ ಹಾಗೆ ಆಗಬಾರದು.